ಎರಡು ಪಾತ್ರೆ ಕೆಸುವಿನ ಸಾರು

ಹಿಂದಿನ ಸಂಜೆ ಕೆಸುವಿನ ಗಡ್ಡೆ ಹೆರೆದಾಗಿನಿಂದ ಮಿಹೋಳ ಕೈ ಕಡಿಯುತ್ತಿತ್ತು. ಅದೇನೂ ಹೊಸದಲ್ಲ. ಸೆಪ್ಟೆಂಬರಿನಲ್ಲಿ ಹಗಲು ಇರುಳು ಸಮನಾಗುವ ಆ ರಜೆಯ ದಿನ, ಬೆಳಿಗ್ಗೆ ಹಿರಿಯರ ಸಮಾಧಿಗೆ ಹೂವಿಟ್ಟು, ಅಲ್ಲಿಂದ ನೇರವಾಗಿ ಸಾಗಾಯೆ ಹೊಳೆಯ ದಂಡೆಗೆ ಹೋಗಿ, ಕಲ್ಲಿನ ಒಲೆ ಹೂಡಿ ಕೆಸುವಿನ ಸಾರು ಕಾಯಿಸಿ ಉಣ್ಣುವುದು ಆ ಮನೆಯ ವಾಡಿಕೆ. ಮದುವೆಯಾಗಿ ಬಂದ ವರ್ಷದಿಂದಲೂ ಗಡ್ಡೆ ಹೆರೆಯುವ ಕೆಲಸ ಮಿಹೋಳದೇ. ಅತ್ತೆ ಕುನಿಯೆ ಈ ಕೆಲಸಕ್ಕೆ ಕೈ ಹಾಕಿದವರಲ್ಲ. ಈ ಸಲ ಮಾತ್ರ ಅವರು ಅಡುಗೆಮನೆಯ ನೆಲದ ಮೇಲೆ ಸೊಸೆಯ ಪಕ್ಕ ಬಂದು ಕೂತು, ಚಾಕು ತೆಗೆದುಕೊಂಡು, ಗಡ್ಡೆಯ ಕೂದಲು ಸಿಪ್ಪೆಯನ್ನು ತೆಳ್ಳಗೆ ಕೆರೆಯುತ್ತ, "ನನ್ನ ಕೈಯೂ ಸ್ವಲ್ಪ ಕಡೀಲಿ ಬಿಡು," ಅಂದಿದ್ದರು. ಆ ಮಾತು ಮಿಹೋಳಿಗೆ ರಾತ್ರಿಯಿಡೀ ಕೈಗಿಂತ ಹೆಚ್ಚು ಕಡಿದಿತ್ತು.

ಬೇಸಿಗೆಯ ಕೊನೆಯಿಂದಲೂ ಅತ್ತೆ ಮೊದಲಿನ ಹಾಗಿಲ್ಲ ಎಂಬುದು ಅವಳಿಗೆ ಗೊತ್ತಾಗಿತ್ತು. ಪೆಟ್ಟಿಗೆಗಳನ್ನು ತೆಗೆದು ಹಳೆಯ ಕಿಮೊನೊಗಳನ್ನು ಬೇರೆ ಬೇರೆ ಮಾಡಿ ಕಟ್ಟಿಟ್ಟಿದ್ದರು. ಉಪ್ಪಿನಕಾಯಿಯ ಮರದ ಪೀಪಾಯಿಗಳನ್ನು ತೋರಿಸಿ, ಯಾವುದಕ್ಕೆ ಎಷ್ಟು ಭಾರದ ಕಲ್ಲು ಹೇರಬೇಕು ಅಂತ ಹೇಳಿಕೊಟ್ಟಿದ್ದರು. ದ್ರಾಕ್ಷಿ ಚಪ್ಪರದ ಯಾವ ಬಳ್ಳಿ ಮಾವ ನೆಟ್ಟದ್ದು, ಯಾವುದು ಮಸಾತೊ ನೆಟ್ಟದ್ದು ಅಂತ ಒಂದೊಂದನ್ನೂ ಮುಟ್ಟಿ ಹೇಳಿದ್ದರು. ಮಸಾತೊ ಎಂದರೆ ಅವರ ಹಿರಿಯ ಮಗ, ಮಿಹೋಳ ಗಂಡ. ಅವನು ತೀರಿಕೊಂಡು ಏಳು ವರ್ಷ ಆಗಿತ್ತು. ಆಗಿನಿಂದ ಆ ಮನೆಯಲ್ಲಿ ಇದ್ದದ್ದು ಈ ಇಬ್ಬರು ಹೆಂಗಸರೇ. ಗದ್ದೆಯನ್ನೂ ದ್ರಾಕ್ಷಿಯನ್ನೂ ಇಬ್ಬರೇ ನೋಡಿಕೊಳ್ಳುತ್ತಿದ್ದರು, ಚಳಿಗಾಲದಲ್ಲಿ ಮಾಡಿನ ಹಿಮವನ್ನೂ ಇಬ್ಬರೇ ಹತ್ತಿ ಎಳೆಯುತ್ತಿದ್ದರು.

ಹೋದ ವರ್ಷ ಕೆಳಮನೆಯ ಮುದುಕಿಯೂ ಹೀಗೇ ಮಾಡಿದ್ದಳು. ಬಟ್ಟೆ ಹಂಚಿದಳು, ಸೊಸೆಗೆ ಎಲ್ಲ ತೋರಿಸಿಕೊಟ್ಟಳು, ಮೊದಲ ಹಿಮ ಬೀಳುವ ಹೊತ್ತಿಗೆ ಹೊರಟೇಹೋದಳು. ಹೊಟ್ಟೆಯಲ್ಲಿ ಗಡ್ಡೆ ಇದ್ದದ್ದು ಅವಳೊಬ್ಬಳಿಗೇ ಗೊತ್ತಿತ್ತಂತೆ.

ಇನ್ನೊಂದು ವಿಷಯವೂ ಇತ್ತು. ಗುರುವಾರ ಗುರುವಾರ ಕುನಿಯೆ ಬಸ್ಸು ಹತ್ತಿ ಹೋಗುತ್ತಿದ್ದರು. ಮಂಡಿನೋವಿಗೆ ಬಿಸಿನೀರಿನ ಬುಗ್ಗೆಯಲ್ಲಿ ಮಿಂದು ಬರುತ್ತೇನೆ ಅನ್ನುತ್ತಿದ್ದರು. ಒಂದು ದಿನ ಮಿಹೋ ತರಕಾರಿ ಕೊಡಲು ಆ ಸ್ನಾನದಮನೆಗೆ ಹೋದಾಗ ಬಾಗಿಲಲ್ಲಿ ಕೂರುವ ಹೆಂಗಸು, ನಿಮ್ಮತ್ತೆ ಈ ಕಡೆ ಬಂದು ಎಷ್ಟು ದಿನ ಆಯಿತು, ಹುಷಾರಾಗಿದ್ದಾರಾ ಅಂತ ಕೇಳಿದ್ದಳು. ಮಿಹೋ ಹುಷಾರಾಗಿದ್ದಾರೆ ಅಂದು ಬಂದಳು. ಅತ್ತೆಯನ್ನು ಕೇಳಲಿಲ್ಲ. ಕೇಳಿದರೆ ಏನು ಉತ್ತರ ಬರುತ್ತದೋ ಅದನ್ನು ಕೇಳಿಸಿಕೊಳ್ಳುವ ಧೈರ್ಯ ಇರಲಿಲ್ಲ. ದೊಡ್ಡ ಆಸ್ಪತ್ರೆಗೇ ಹೋಗುತ್ತಿದ್ದಾರೆ ಅಂತ ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡಳು. ಅಲ್ಲಿಂದ ಮುಂದೆ ಅವಳು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ.

ಬೆಳಿಗ್ಗೆ ಸೆಂದಾಯಿಯಿಂದ ಮೈದುನ ಕತ್ಸುಮಿ ಹೆಂಡತಿ ಯುರಿಯನ್ನೂ ಮಗಳು ಹಿನಾಳನ್ನೂ ಕರೆದುಕೊಂಡು ಕಾರಿನಲ್ಲಿ ಬಂದಿಳಿದ. ಎಲ್ಲರೂ ಗುಡ್ಡದ ಬುಡದ ಸಮಾಧಿಗಳಿಗೆ ಹೋದರು. ಬದುಗುಂಟ ಎಲೆಯೇ ಇಲ್ಲದ ಕೆಂಪು ಹೂಗಳು ಕಡ್ಡಿಯಂಥ ದಂಟಿನ ಮೇಲೆ ಎದ್ದು ನಿಂತಿದ್ದವು. ಯುರಿ ಸಿಹಿ ಹೂರಣ ಮೆತ್ತಿದ ಅನ್ನದ ಉಂಡೆಗಳನ್ನು ಕಲ್ಲಿನ ಮುಂದಿಟ್ಟಳು. ಕುನಿಯೆ ಬಕೆಟ್ಟಿನ ನೀರು ತೆಗೆದುಕೊಂಡು ಗಂಡನ ಹೆಸರೂ ಮಗನ ಹೆಸರೂ ಇದ್ದ ಆ ಕಲ್ಲನ್ನು ತೊಳೆದರು. ತೊಳೆದದ್ದು ಸಾಲದೆಂಬಂತೆ ಮತ್ತೆ ತೊಳೆದರು. ಅಕ್ಷರದ ಸಂದುಗಳಲ್ಲಿ ಬೆರಳು ಹಾಕಿ ಪಾಚಿ ತೆಗೆದರು. ಊದುಕಡ್ಡಿ ಹಚ್ಚಿ ಕೈಮುಗಿದು ಕೂತವರು ಏಳಲೇ ಇಲ್ಲ. ಉಳಿದವರೆಲ್ಲ ಎದ್ದು ನಿಂತು, ಬೂಟಿನ ದಾರ ಕಟ್ಟಿಕೊಂಡು, ಕಾಗೆ ಉಂಡೆ ಎತ್ತಿಕೊಂಡು ಹೋದೀತು ಅಂತ ನೋಡುತ್ತ ಕಾದರು. ಅತ್ತೆಯ ತುಟಿ ಅಲ್ಲಾಡುವುದು ಮಿಹೋಳಿಗೆ ಕಾಣುತ್ತಿತ್ತು. ಮಾತು ಕೇಳಿಸಲಿಲ್ಲ.

ಹೊಳೆದಂಡೆಗೆ ಬರುವಾಗಲೇ ಅಲ್ಲಿ ಹತ್ತಾರು ಒಲೆಗಳಿಂದ ಹೊಗೆ ಏಳುತ್ತಿತ್ತು. ಊರಿಗೆ ಊರೇ ಅಲ್ಲಿತ್ತು. ನೀಲಿ ತಾಡಪಾಲುಗಳು, ಬಿಯರ್ ಪೆಟ್ಟಿಗೆಗಳು, ನೀರಿನಲ್ಲಿ ಕಲ್ಲೆಸೆಯುವ ಮಕ್ಕಳು. ಗುಡ್ಡದ ಕಡೆ ಮೋಡ ಕಟ್ಟಿತ್ತು. ದಕ್ಷಿಣದಲ್ಲಿ ಚಂಡಮಾರುತ ಎದ್ದಿದೆ, ಎರಡು ದಿನದಲ್ಲಿ ಇತ್ತ ತಿರುಗಬಹುದು ಅಂತ ರೇಡಿಯೊದಲ್ಲಿ ಹೇಳಿದ್ದರು. ತಲೆಬಾಗಿದ ಭತ್ತ ಗದ್ದೆಯಲ್ಲೇ ಇತ್ತು. ಹಾಗಾಗಿ ನಗುತ್ತಿದ್ದ ಗಂಡಸರೂ ನಡುನಡುವೆ ಕತ್ತೆತ್ತಿ ಆಕಾಶ ನೋಡುತ್ತಿದ್ದರು.

ಕತ್ಸುಮಿ ಒಲೆಗೆ ಕಲ್ಲು ಹೂಡಿದ. ದನದ ಮಾಂಸ, ಕೆಸು, ಈರುಳ್ಳಿ ದಂಟು, ಸೋಯಾ ಸಾಸ್, ಸ್ವಲ್ಪ ಸಕ್ಕರೆ. ಆ ಸೀಮೆಯ ಸಾರೆಂದರೆ ಅದು, ಬೇರೆ ಯಾವುದೂ ಅಲ್ಲ. ಕುನಿಯೆ ಪಾತ್ರೆಯ ಹತ್ತಿರ ಸೌಟು ಹಿಡಿದು ಕೂತಿದ್ದರು, ಆದರೆ ಕಣ್ಣು ಪಾತ್ರೆಯ ಮೇಲಿರಲಿಲ್ಲ. ಮೇಲೆ ಏರಿಯ ರಸ್ತೆಯಲ್ಲಿ ಗಾಡಿ ಬಂದಾಗಲೆಲ್ಲ ಕತ್ತು ಅತ್ತ ತಿರುಗುತ್ತಿತ್ತು. ಕಾಲಲ್ಲಿ ಹೊಸ ಬಿಳಿ ಕ್ಯಾನ್ವಾಸ್ ಶೂ. ಸಾರು ಉಕ್ಕಿ ಬೆಂಕಿಗೆ ಚೆಲ್ಲಿದ್ದೂ ಅವರಿಗೆ ಗೊತ್ತಾಗಲಿಲ್ಲ.

ಮಿಹೋ ಸೌದೆ ಆಯುವ ನೆಪದಲ್ಲಿ ಕತ್ಸುಮಿಯನ್ನು ಹೊಳೆಯ ಮೇಲ್ಗಡೆಗೆ ಕರೆದುಕೊಂಡು ಹೋಗಿ ಎಲ್ಲವನ್ನೂ ಹೇಳಿದಳು. ಪೆಟ್ಟಿಗೆ, ಪೀಪಾಯಿ, ಗುರುವಾರದ ಬಸ್ಸು, ಸ್ನಾನದಮನೆಯ ಹೆಂಗಸು.

"ಅತ್ತಿಗೆ, ನೀವು ಸುಮ್ಮನೆ ತಲೆ ಕೆಡಿಸ್ಕೊಂಡಿದ್ದೀರ," ಅಂದ ಕತ್ಸುಮಿ. "ನಮ್ಮಮ್ಮ ನಮ್ಮನ್ನೆಲ್ಲ ಸಾಗಹಾಕಿ ಆಮೇಲೆ ಹೋಗೋ ಪೈಕಿ."

"ಹಾಗಾದ್ರೆ ನೀವೇ ಒಂದು ಮಾತು ಕೇಳಿ. ನೀವು ಮಗ. ನಾನು ಕೇಳಿದ್ರೆ ಮಾತು ಹಾರಿಸ್ತಾರೆ."

"ಕೇಳೋಣ. ಊಟ ಆಗ್ಲಿ."

ಅವನ ಮುಖವೂ ಸಣ್ಣಗಾಗಿತ್ತು. ಕೈಯಲ್ಲಿದ್ದ ಸೌದೆಯನ್ನು ಅಲ್ಲೇ ಇಟ್ಟು ಮರೆತು ಬಂದ.

ಅವರು ಒಲೆಯ ಹತ್ತಿರ ಬರುವಷ್ಟರಲ್ಲಿ ಏರಿಯ ಮೇಲೆ ಒಂದು ಚಿಕ್ಕ ಬಿಳಿ ಟ್ರಕ್ಕು ಬಂದು ನಿಂತಿತು. ಅದರಿಂದ ಎತ್ತರದ, ಸ್ವಲ್ಪ ಬೆನ್ನು ಬಾಗಿದ ಮುದುಕನೊಬ್ಬ ಇಳಿದ. ಹಿಂದುಗಡೆಯಿಂದ, ದೊಡ್ಡ ಬಟ್ಟೆಯಲ್ಲಿ ಸುತ್ತಿ ಗಂಟು ಕಟ್ಟಿದ ಪಾತ್ರೆಯನ್ನು ಎತ್ತಿಕೊಂಡು, ಹೆಜ್ಜೆ ನೋಡಿ ನೋಡಿ ಇಳಿಜಾರಿನಲ್ಲಿ ಬಂದ. ಕುನಿಯೆ ಸೌಟನ್ನು ಹಿನಾಳ ಕೈಗೆ ಕೊಟ್ಟು ಎದ್ದರು. ಮಂಡಿ ನೋಯುವವರು ನಡೆಯುವ ಹಾಗೆ ನಡೆಯಲಿಲ್ಲ. ಓಡಿದರು ಅಂತಲೇ ಹೇಳಬೇಕು.

"ಇವರು ಇಗರಾಶಿ ಅಂತ," ಎಂದರು ಅವನ ಜೊತೆ ವಾಪಸು ಬಂದು. "ಸಕಾತಾದಿಂದ ಬಂದಿದ್ದಾರೆ. ದೋಣಿ ಎಂಜಿನ್ ರಿಪೇರಿ ಮಾಡ್ತಿದ್ರು, ಈಗ ಬಿಟ್ಟಿದ್ದಾರೆ."

ಸಕಾತಾ ಎಂದರೆ ಗಸ್ಸಾನ್ ಬೆಟ್ಟದ ಆಚೆ, ಸಮುದ್ರದ ಮಗ್ಗುಲು. ಎಲ್ಲರೂ ಬಗ್ಗಿ ನಮಸ್ಕಾರ ಮಾಡಿದರು. ಅತ್ತೆಗೆ ಮಾರುಕಟ್ಟೆಯಲ್ಲಿ ಪರಿಚಯವಾದ ಗಿರಾಕಿಯಿರಬೇಕು ಅಂದುಕೊಂಡಳು ಮಿಹೋ. ಕತ್ಸುಮಿ ಬಿಯರ್ ಡಬ್ಬಿ ಚಾಚುತ್ತ ಪಾತ್ರೆಯ ಕಡೆ ನೋಡಿ ನಕ್ಕ.

"ಸಕಾತಾದವರು ಅಂದ್ರೆ ಅದ್ರಲ್ಲಿ ಹಂದಿ ಮಾಂಸ, ಹುದುಗಿದ ಸೋಯಾಬೀನಿನ ಮಿಸೊ ಇರ್ಬೇಕು."

"ಇದೆ," ಅಂದ ಇಗರಾಶಿ. "ಹುರಿದ ತೋಫು ಕೂಡ ಇದೆ."

"ನಮ್ಮ ಕಡೆ ಅದಕ್ಕೆ ಕೆಸುವಿನ ಸಾರು ಅನ್ನಲ್ಲ ತಾತ. ಹಂದಿ ಸಾರು ಅಂತೀವಿ."

"ನಮ್ಮ ಕಡೆ ನಿಮ್ಮದಕ್ಕೆ ಸಾರು ಅಂತಾನೇ ಅನ್ನಲ್ಲ. ಪಾಕ ಅಂತೀವಿ. ಅಷ್ಟು ಸಕ್ಕರೆ ಸುರೀತೀರ."

ಪಕ್ಕದ ಒಲೆಯವರೂ ನಕ್ಕರು. ಇಗರಾಶಿ ತನ್ನ ಪಾತ್ರೆಯನ್ನು ಬೆಂಕಿಯ ಅಂಚಿನಲ್ಲಿ, ಇವರ ಪಾತ್ರೆಗೆ ತಾಗದ ಹಾಗೆ ಇಟ್ಟ. ಎಲ್ಲರೂ ತಾಡಪಾಲಿನ ಮೇಲೆ ಕೂತರು. ಕುನಿಯೆ ಮಾತ್ರ ಕೂರಲಿಲ್ಲ. ಕೈಯೊರೆಸುವ ಬಟ್ಟೆಯನ್ನು ಮಡಚಿ, ಬಿಡಿಸಿ, ಮತ್ತೆ ಮಡಚಿ, ಕೊನೆಗೆ ನಿಂತುಕೊಂಡೇ ಹೇಳಿದರು.

"ಬೆಳಿಗ್ಗೆ ನಿಮ್ಮಪ್ಪನಿಗೂ ಅಣ್ಣನಿಗೂ ಹೇಳಿ ಬಂದೆ. ಈಗ ನಿಮಗೆ ಹೇಳ್ತೀನಿ. ಭತ್ತದ ಕೊಯ್ಲು ಮುಗಿದ ಮೇಲೆ ನಾನು ಇವರ ಮನೆಗೆ ಹೋಗ್ತೀನಿ."

"ಎಷ್ಟು ದಿನಕ್ಕೆ ಅತ್ತೆ?" ಅಂದಳು ಯುರಿ.

"ಇರೋ ತನಕ."

ಹಿನಾ ಸೌಟಿನಿಂದ ಸಾರಿನ ಕೆಸುಗಳನ್ನು ಮೀನಿನ ಹಾಗೆ ಹಿಡಿಯುತ್ತ ಆಡುತ್ತಿದ್ದಳು. ಕತ್ಸುಮಿಯ ಮುಖದಲ್ಲಿ ನಗು ಇನ್ನೂ ಉಳಿದಿತ್ತು, ಅದನ್ನು ಎಲ್ಲಿಡುವುದೆಂದು ಅವನಿಗೆ ತಿಳಿಯಲಿಲ್ಲ. ಆಮೇಲೆ ಅವನು ಇಗರಾಶಿಯನ್ನು ನೋಡದೆ, ತಾಯಿಯನ್ನೇ ಕೇಳಿದ. ಎಪ್ಪತ್ತು ದಾಟಿದ ಮೇಲೆ ಇದೆಲ್ಲ ಏನು, ಊರವರು ಏನಂದಾರು. ಕುನಿಯೆ, ಊರವರು ಬೇಸಿಗೆಯಿಂದ ಅನ್ನುತ್ತಲೇ ಇದ್ದಾರೆ, ನಿಮ್ಮ ಕಿವಿಗೆ ಬಿದ್ದಿಲ್ಲ ಅಷ್ಟೆ ಅಂದರು. ಬುಗ್ಗೆಯ ನೀರಿನಲ್ಲಿ ಇಬ್ಬರೂ ಮಂಡಿ ಅದ್ದಿಕೊಂಡು ಕೂತಾಗ ಪರಿಚಯವಾದದ್ದಂತೆ. ಆಮೇಲೆ ಗುರುವಾರ ಗುರುವಾರ ಸಮುದ್ರ ನೋಡಲು ಹೋದದ್ದಂತೆ.

"ಅಪ್ಪನ ಸಮಾಧಿ ಯಾರು ನೋಡ್ಕೋತಾರೆ?"

"ನೀನು ನೋಡ್ಕೋ. ನೀನೂ ಮಗನೇ ಅಲ್ವಾ."

"ನಾಳೆ ನೀನು ತೀರ್ಕೊಂಡ್ರೆ ನಿನ್ನ ಎಲ್ಲಿ ಇಡೋದು? ಇಲ್ಲೋ, ಅಲ್ಲೋ?"

"ಅದನ್ನ ನೀನೇ ತೀರ್ಮಾನ ಮಾಡು. ನಾನು ಎದ್ದು ಬಂದು ಜಗಳ ಆಡಲ್ಲ."

ಯುರಿ ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದಳು. ಕತ್ಸುಮಿ ಎದ್ದವನೇ ಹೊಳೆಗುಂಟ ಮೇಲಕ್ಕೆ ನಡೆದುಬಿಟ್ಟ.

ಮಿಹೋಳಿಗೆ ಮೊದಲು ಆದದ್ದು ಸಂತೋಷ. ಗಡ್ಡೆಯಿಲ್ಲ, ಆಸ್ಪತ್ರೆಯಿಲ್ಲ, ಅತ್ತೆ ಸಾಯುವುದಿಲ್ಲ. ಆದರೆ ಆ ಸಂತೋಷ ಒಂದು ಉಸಿರಿಗಿಂತ ಹೆಚ್ಚು ನಿಲ್ಲಲಿಲ್ಲ. ಅದರ ಬೆನ್ನಿಗೇ ಸಿಟ್ಟು ಬಂತು. ಎಂಥ ಸಿಟ್ಟೆಂದರೆ, ಎದುರಿಗೆ ಕೂತರೆ ಬಾಯಿಂದ ಏನು ಬೀಳುತ್ತದೋ ಎಂದು ಹೆದರಿ, ತೊಳೆದೇ ತಂದಿದ್ದ ಬಟ್ಟಲುಗಳನ್ನೆಲ್ಲ ಬಾಚಿಕೊಂಡು ನೀರಿನ ಅಂಚಿಗೆ ಹೋಗಿ ಮತ್ತೆ ತೊಳೆಯತೊಡಗಿದಳು.

ಸ್ವಲ್ಪ ಹೊತ್ತಿಗೆ ಬಿಳಿ ಶೂಗಳು ಪಕ್ಕದಲ್ಲಿ ಬಂದು ನಿಂತವು. ಕುನಿಯೆ ಕಷ್ಟಪಟ್ಟು ಮಂಡಿ ಮಡಚಿ ಕೂತರು.

"ಬಯ್ಯೋದಾದ್ರೆ ಬಯ್ಯಿ. ಅಲ್ಲಿ ಕೇಳಿಸಲ್ಲ."

ಮಿಹೋ ಬಟ್ಟಲು ಉಜ್ಜುತ್ತಲೇ ಇದ್ದಳು. "ಏಳು ವರ್ಷ ನಿಮ್ಮ ಬೆನ್ನು ತಿಕ್ಕಿದ್ದೀನಿ ಅತ್ತೆ," ಅಂದಳು ಕೊನೆಗೆ. ಧ್ವನಿ ಅವಳಿಗೇ ಪರಿಚಯವಿಲ್ಲದ ಹಾಗೆ ಬಂತು. "ತವರಿನವರು ಬಾ ಬಾ ಅಂದ್ರು. ಹೋಗ್ಲಿಲ್ಲ."

"ತಿಕ್ಕಿದೆ. ನಾನೂ ನಿನ್ನ ಬೆನ್ನು ತಿಕ್ಕಿದ್ದೀನಿ."

"ಒಂದು ಮಾತು ಮುಂಚೆ ನನಗೆ ಹೇಳ್ಬಹುದಿತ್ತು. ನೀವು ಸಾಯ್ತೀರ ಅಂದ್ಕೊಂಡಿದ್ದೆ ನಾನು. ಒಂದು ತಿಂಗಳಿಂದ ಅನ್ನ ಗಂಟಲಲ್ಲಿ ಇಳೀತಿಲ್ಲ."

ಕುನಿಯೆ ಇದನ್ನು ನಿರೀಕ್ಷಿಸಿರಲಿಲ್ಲ. ಸೊಸೆಯ ಮುಖವನ್ನೇ ನೋಡಿದರು. ಆಮೇಲೆ ಅವರು ಹೇಳಿದ್ದು ಇಷ್ಟು. ಹೋದ ವರ್ಷ ದ್ರಾಕ್ಷಿ ಸಂಘದಲ್ಲಿ ಕೆಲಸ ಮಾಡುವ ಒಬ್ಬಾತ ಮಿಹೋಳನ್ನು ಮದುವೆಗೆ ಕೇಳಿದ್ದು, ಮನೆಯಲ್ಲಿ ಅತ್ತೆ ಇದ್ದಾರೆ, ಅವರನ್ನು ಬಿಟ್ಟು ಬರಲಾರೆ ಅಂತ ಅವಳು ಹೇಳಿ ಕಳಿಸಿದ್ದು, ಎಲ್ಲ ಅವರ ಕಿವಿಗೆ ಬಿದ್ದಿತ್ತು. ಆಗ ಇಗರಾಶಿಯೂ ಅವರನ್ನು ಕೇಳಿದ್ದ. ಮನೆಯಲ್ಲಿ ಸೊಸೆ ಇದ್ದಾಳೆ, ಒಬ್ಬಳನ್ನೇ ಬಿಟ್ಟು ಬರಲಾರೆ ಅಂತ ಕುನಿಯೆಯೂ ಅವನಿಗೆ ಅದೇ ಮಾತನ್ನು ಹೇಳಿದ್ದರು.

"ಅವತ್ತು ಬಸ್ಸಲ್ಲಿ ವಾಪಸು ಬರ್ತಾ ಯೋಚನೆ ಮಾಡಿದೆ," ಅಂದರು. "ಇಬ್ರೂ ಒಬ್ಬರ ಸೆರಗು ಒಬ್ರು ಹಿಡ್ಕೊಂಡು ಹೊಸಿಲಲ್ಲೇ ನಿಂತಿದ್ದೀವಲ್ಲ ಅಂತ. ನನಗೆ ನಿನ್ನ ನೆಪ ಆಗಿ ಇರೋಕೆ ಇಷ್ಟ ಇಲ್ಲ ಕಣೆ. ನೀನೂ ನನ್ನ ನೆಪ ಆಗ್ಬೇಡ."

"ಅವನು ನನಗೆ ಇಷ್ಟ ಇರ್ಲಿಲ್ಲ. ಅದಕ್ಕೇ ಬೇಡ ಅಂದೆ."

"ಹಾಗಂತ ಅವನಿಗೆ ಹೇಳ್ಬೇಕಿತ್ತು. ನನ್ನ ಹೆಸರು ಯಾಕೆ ಹೇಳಿದೆ?"

ಹೊಳೆಯ ನೀರು ಎಷ್ಟು ತಣ್ಣಗಿತ್ತೆಂದರೆ ಬೆರಳುಗಳು ಮರಗಟ್ಟಿದ್ದವು. ಅವಳು ಬಟ್ಟಲುಗಳನ್ನು ಒಂದರ ಮೇಲೊಂದು ಜೋಡಿಸಿದಳು, ಎದ್ದಳು. ಅತ್ತೆಗೆ ಏಳಲು ಆಗುತ್ತಿಲ್ಲವೆಂದು ಕಂಡು ಕೈ ಕೊಟ್ಟಳು. ಕೊಟ್ಟದ್ದು ಸಿಟ್ಟು ಇಳಿದದ್ದರಿಂದ ಅಲ್ಲ, ಏಳು ವರ್ಷದ ಅಭ್ಯಾಸದಿಂದ.

ಆ ಹೊತ್ತಿಗೆ ಜಿನುಗು ಮಳೆ ಶುರುವಾಯಿತು. ಇಗರಾಶಿ ತನ್ನ ಟ್ರಕ್ಕಿನಿಂದ ಇನ್ನೊಂದು ತಾಡಪಾಲು ತಂದು ಕೋಲು ನೆಟ್ಟು ಮೇಲೆ ಕಟ್ಟಿದ. ಕಟ್ಟಲು ಯುರಿ ಸಹಾಯ ಮಾಡಿದಳು. ಕತ್ಸುಮಿ ಒದ್ದೆಯಾಗಿ ವಾಪಸು ಬಂದು ಅಂಚಿನಲ್ಲಿ ನಿಂತ. ಯಾರೂ ಕರೆಯಲಿಲ್ಲ. ಇಗರಾಶಿ ತನ್ನ ಪಾತ್ರೆಯಿಂದ ಒಂದು ಬಟ್ಟಲು ತುಂಬಿ ಅವನ ಮುಂದೆ ಚಾಚಿ ಹಿಡಿದ. ಕತ್ಸುಮಿ ಆ ಬಟ್ಟಲನ್ನು ನೋಡಿದ, ಆಮೇಲೆ ತೆಗೆದುಕೊಂಡ. ನಿಂತೇ ತಿಂದ.

"ಉಪ್ಪು ಜಾಸ್ತಿ," ಅಂದ.

"ಸಮುದ್ರದ ಪಕ್ಕದವರು," ಅಂದ ಇಗರಾಶಿ.

ಹಿನಾ ಎರಡು ಪಾತ್ರೆಯಿಂದಲೂ ತಿಂದಳು. ಹಂದಿಯದೇ ಚೆನ್ನಾಗಿದೆ ಅಂತ ಹೇಳಿ ಅಪ್ಪನ ಕೈಯಲ್ಲಿ ತಲೆಗೆ ಮೊಟಕಿಸಿಕೊಂಡಳು. ಮಿಹೋ ಮಾತ್ರ ತಮ್ಮ ಪಾತ್ರೆಯದನ್ನೇ ಬಡಿಸಿಕೊಂಡಳು. ಆ ಇನ್ನೊಂದನ್ನು ಮುಟ್ಟಲು ಅವತ್ತು ಅವಳಿಂದಾಗಲಿಲ್ಲ. ಇಗರಾಶಿ ಅದನ್ನು ಗಮನಿಸಿದ, ಗಮನಿಸಿದ್ದು ಅವಳಿಗೂ ಗೊತ್ತಾಯಿತು. ಅವನು ತಾನಾಗಿ ಬಡಿಸಲು ಬರಲಿಲ್ಲ. ಅದಕ್ಕಾಗಿ ಅವಳಿಗೆ ಅವನ ಮೇಲೆ, ಬೇಡಬೇಡವೆಂದರೂ, ಸ್ವಲ್ಪ ಗೌರವ ಬಂತು.

ಚಂಡಮಾರುತ ಸಮುದ್ರದಲ್ಲೇ ತಿರುಗಿ ಹೋಯಿತು. ಮುಂದಿನ ವಾರ ಕೊಯ್ಲು. ಕತ್ಸುಮಿ ರಜೆ ಹಾಕಿ ಬಂದ. ಇಗರಾಶಿಯೂ ಬಂದ. ಗದ್ದೆಯ ಕೆಲಸ ಗೊತ್ತಿಲ್ಲದೆ ಕೆಸರಿನಲ್ಲಿ ಬೂಟು ಸಿಕ್ಕಿಸಿಕೊಂಡು, ಬದುವಿನ ಮೇಲೆ ಕೂತು ಚಹಾ ಕಾಯಿಸಿಕೊಟ್ಟ. ಅಣ್ಣನ ಬೂಟು ಹಾಕಿಕೊಳ್ಳಿ ಅಂತ ಕತ್ಸುಮಿ ತಂದುಕೊಟ್ಟಾಗ ಮಿಹೋ ಮುಖ ತಿರುಗಿಸಿಕೊಂಡಳು. ಆದರೆ ಬೇಡ ಅನ್ನಲೂ ಇಲ್ಲ.

ಹೊರಡುವ ಮುನ್ನಾದಿನ ಅತ್ತೆ ಸೊಸೆ ಸ್ನಾನದ ತೊಟ್ಟಿಯ ಪಕ್ಕ ಒಬ್ಬರ ಬೆನ್ನು ಒಬ್ಬರು ತಿಕ್ಕಿದರು. ಒಂದು ಒಳ್ಳೆಯ ಕಿಮೊನೊ ಬಿಟ್ಟು ಹೋಗುತ್ತಿದ್ದೇನೆ, ಉಡು, ಇಲ್ಲವಾದರೆ ಯಾರಿಗಾದರೂ ಕೊಡು, ಪೆಟ್ಟಿಗೆಯಲ್ಲಿ ಮಾತ್ರ ಇಡಬೇಡ ಅಂದರು ಕುನಿಯೆ. ಮಾರನೆಯ ಬೆಳಿಗ್ಗೆ ಮನೆಯೊಳಗಿನ ಹಿರಿಯರ ಪೂಜೆಯ ಗೂಡಿನ ಮುಂದೆ ಗಂಟೆ ಬಾರಿಸಿ ಕೈಮುಗಿದು, ಟ್ರಕ್ಕಿನಲ್ಲಿ ಅವನ ಪಕ್ಕ ಹತ್ತಿ ಕೂತರು. ಹಿಂದುಗಡೆ ಎರಡು ಪೆಟ್ಟಿಗೆ, ಉಪ್ಪಿನಕಾಯಿಯ ಒಂದು ಸಣ್ಣ ಪೀಪಾಯಿ, ಅಷ್ಟೆ. ತಿರುವಿನಲ್ಲಿ ಕೈ ಬೀಸಿದರು. ಮಿಹೋ ಅಳಬಹುದೆಂದುಕೊಂಡಿದ್ದಳು. ಅಳು ಬರಲಿಲ್ಲ. ಒಳಗೆ ಬಂದು ಎಲ್ಲ ಕೋಣೆಗಳ ಬಾಗಿಲನ್ನೂ ಸರಿಸಿದಳು, ಮತ್ತೆ ಮುಚ್ಚಿದಳು. ಅಕ್ಕಿ ಇಬ್ಬರಿಗಾಗುವಷ್ಟು ಅಳೆದು ಹಾಕಿದಳು. ಉಳಿದ ಅನ್ನವನ್ನು ಮಾರನೆಯ ದಿನವೂ ತಿಂದಳು.

ಮೊದಲ ವಾರ ಅತ್ತೆಯ ಫೋನು ದಿನಾ ಬಂತು. ಪೀಪಾಯಿಯ ಕಲ್ಲು ಇಳಿಸಿದೆಯಾ, ಚಪ್ಪರದ ಎಲೆ ಉದುರಿತಾ, ಇಲ್ಲಿ ಗಾಳಿ ಜಾಸ್ತಿ, ಮುದುಕ ಗೊರಕೆ ಹೊಡೆಯುತ್ತಾನೆ. ಆಮೇಲೆ ಎರಡು ದಿನಕ್ಕೊಮ್ಮೆಯಾಯಿತು. ಗುರುವಾರದ ಬಸ್ಸಿಗೆ ಬಾ ಅಂತ ಪ್ರತಿಸಲವೂ ಕರೆಯುತ್ತಿದ್ದರು. ಮಿಹೋ ನೋಡೋಣ ಅನ್ನುತ್ತಿದ್ದಳು.

ಅಕ್ಟೋಬರಿನ ಕೊನೆಗೆ, ಬೆಳಗಿನ ಹೊತ್ತು, ಅವಳು ಅಂಗಳದಲ್ಲಿ ಪರ್ಸಿಮನ್ ಹಣ್ಣಿನ ಸಿಪ್ಪೆ ತೆಗೆದು ಒಣಗಲೆಂದು ದಾರಕ್ಕೆ ಕಟ್ಟುತ್ತಿದ್ದಾಗ ಕೆಳಮನೆಯ ಸೊಸೆ ಬಂದು ಬೇಲಿಯಾಚೆ ನಿಂತಳು. ಮಹಿಳಾ ಸಂಘದವರೆಲ್ಲ ಬಸ್ಸು ಮಾಡಿಕೊಂಡು ಬೆಟ್ಟದ ಎಲೆ ಕೆಂಪಾದದ್ದು ನೋಡಲು ಹೋಗುತ್ತಿದ್ದಾರೆ, ಒಂದು ರಾತ್ರಿ ಅಲ್ಲೇ ತಂಗುವುದು, ನೀನೂ ಬಾ ಅಂದಳು. ಪ್ರತಿ ವರ್ಷವೂ ಅವಳು ಬಂದು ಕರೆಯುತ್ತಿದ್ದಳು. ಪ್ರತಿ ವರ್ಷವೂ ಒಂದೇ ಉತ್ತರ.

"ಮನೇಲಿ ಅತ್ತೆ..." ಅಂತ ಮಿಹೋ ಶುರುಮಾಡಿದಳು.

ಕೆಳಮನೆಯವಳು ಎಲ್ಲಿ ನೋಡಬೇಕೆಂದು ತಿಳಿಯದೆ ಹಣ್ಣುಗಳನ್ನು ನೋಡಿದಳು. ಮಿಹೋಳ ಕಿವಿ ಬಿಸಿಯಾಯಿತು.

"ಯಾವತ್ತೊಳಗೆ ಹೇಳ್ಬೇಕು?" ಅಂತ ಕೇಳಿದಳು.

"ಶುಕ್ರವಾರ ಹೇಳಿದ್ರೂ ಆಗುತ್ತೆ."

"ನನಗೆ ಬಸ್ಸಲ್ಲಿ ಹೊಟ್ಟೆ ತೊಳೆಸುತ್ತೆ ಕಣೆ. ದಾರಿಯುದ್ದಕ್ಕೂ ಹಾಡು ಹಾಡೋದೆಲ್ಲ ಇಷ್ಟ ಆಗಲ್ಲ. ಯೋಚನೆ ಮಾಡಿ ಹೇಳ್ತೀನಿ."

ಕೆಳಮನೆಯವಳು ಹುಬ್ಬೇರಿಸಿದಳು. ಇಷ್ಟು ವರ್ಷ ಇದನ್ನು ಹೇಳಲೇ ಇಲ್ಲವಲ್ಲ ಅಂದಳು. ಅವಳು ಹೋದ ಮೇಲೆ ಮಿಹೋ ಮತ್ತೆ ಚಾಕು ಹಿಡಿದಳು, ಎರಡು ಹಣ್ಣು ಹೆರೆದಳು, ಇಟ್ಟುಬಿಟ್ಟಳು. ಕೂರಲಾಗಲಿಲ್ಲ. ಬೂಟು ಹಾಕಿಕೊಂಡು ಅಂಗಳ ದಾಟಿ, ಕೊಯ್ದು ಬರಿದಾದ ಗದ್ದೆಯ ಬದುವಿನ ಮೇಲೆ ನಡೆಯತೊಡಗಿದಳು. ಎಲ್ಲಿಗೆ ಅಂತ ಅವಳನ್ನು ಕೇಳಲು ಯಾರೂ ಇರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಬದು ಮುಗಿದು ದೊಡ್ಡ ರಸ್ತೆ ಬಂದರೂ ಅವಳು ಮನೆಯ ಕಡೆ ತಿರುಗಲಿಲ್ಲ.